ಬಾಡದ ತಿಮ್ಮಪ್ಪ ಹೇಳಿದ ಮೂರು ಕತೆಗಳು

ಹಾಸ್ಟೆಲಿನ ಯಾವ ರೂಮಿಗೆ ಹೋದರೂ ಸಿಲಬಸ್ ಪುಸ್ತಕಗಳ ನಡುವೆ ಒಂದಾದರೂ ಫ್ಯಾಂಟಸಿ ಕಾದಂಬರಿ ಸಿಕ್ಕೇ ಸಿಗುತ್ತದೆ. ಅದರಲ್ಲೂ ಈಗ ಹಳೇ ಕತೆಗಳನ್ನು ಹೊಸದಾಗಿ ಹೇಳುವ ಕಾದಂಬರಿಗಳದ್ದೇ ಕಾಲ. ಮರಿಸ್ಸಾ ಮೆಯರ್ ಬರೆದ ‘ಸಿಂಡರ್’ 2012ರಲ್ಲಿ ಬಂತು. ಅದರಲ್ಲಿ ಸಿಂಡ್ರೆಲಾ ಒಬ್ಬ ಮೆಕ್ಯಾನಿಕ್, ಅರ್ಧ ಮನುಷ್ಯಳು, ಅರ್ಧ ಯಂತ್ರ. ಅರಮನೆ ಮೆಟ್ಟಿಲ ಮೇಲೆ ಅವಳಿಂದ ಕಳಚಿ ಬೀಳುವುದು ಗಾಜಿನ ಚಪ್ಪಲಿಯಲ್ಲ, ಲೋಹದ ಪಾದ. ಅದಕ್ಕೂ ಮೊದಲು 1978ರಲ್ಲೇ ರಾಬಿನ್ ಮೆಕಿನ್ಲಿ ಸುಂದರಿ ಮತ್ತು ಮೃಗದ ಕತೆಯನ್ನು ‘ಬ್ಯೂಟಿ’ ಅನ್ನೋ ಕಾದಂಬರಿ ಮಾಡಿದ್ದರು. ಇಂಥ ಪುಸ್ತಕಗಳನ್ನು ಬಿಚ್ಚಿ ನೋಡಿದರೆ ಒಳಗೆ ಮೂರೇ ಬಿಡಿಭಾಗ: ಎಲ್ಲರಿಗೂ ಗೊತ್ತಿರುವ ಒಂದು ಹಳೇ ಕತೆ, ಹರೆಯದ ಒಬ್ಬ ನಾಯಕ ಅಥವಾ ನಾಯಕಿ, ಮತ್ತು ಆ ಹಳೇ ಕತೆ ಕೇಳದೇ ಬಿಟ್ಟ ಒಂದು ಪ್ರಶ್ನೆ.

ಇದೇನೋ ಹೊರಗಿನಿಂದ ಬಂದ ಹೊಸ ವಿದ್ಯೆ ಅಂದುಕೊಂಡರೆ ಸ್ವಲ್ಪ ನಿಲ್ಲಿ. ಸುಮಾರು 500 ವರ್ಷಗಳ ಹಿಂದೆ, ಇಂದಿನ ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ಬಾಡ ಎಂಬ ಊರಿನಲ್ಲಿ ಹುಟ್ಟಿದ ಒಬ್ಬ ಮನುಷ್ಯ ಇದೇ ಕೆಲಸವನ್ನು ಕನ್ನಡದಲ್ಲಿ ಮೂರು ಸಲ ಮಾಡಿದ್ದಾನೆ. ಅವನ ಹೆಸರು ನಮಗೆಲ್ಲ ಗೊತ್ತು. ಪ್ರತಿ ವರ್ಷ ನವೆಂಬರ್ ಹೊತ್ತಿಗೆ ಅವನ ಜಯಂತಿ ಬರುತ್ತದೆ, ರಜೆ ಕೊಡುತ್ತಾರೆ. ಹೆಗಲಿಗೆ ಕಂಬಳಿ, ಕೈಯಲ್ಲಿ ತಂಬೂರಿ ಇರುವ ಪಟಕ್ಕೆ ಹಾರ ಹಾಕಿ, ಕೀರ್ತನೆ ಸ್ಪರ್ಧೆ ಮುಗಿಸಿ ನಾವು ಮೆಸ್ಸಿಗೆ ಹೋಗುತ್ತೇವೆ. ಕನಕದಾಸರು ಅಂದರೆ ನಮಗೆ ಅಷ್ಟೇ: ಭಕ್ತ, ಕೀರ್ತನಕಾರ, ಉಡುಪಿಯ ಕಿಂಡಿ. ಅವರು ಪಟ್ಟಾಗಿ ಕೂತು ಕತೆ ಹೇಳಿದವರು, ಅದೂ ಹಂಸ ಮಾತಾಡುವ, ಹುಡುಗ ಮಂಚದ ಸಮೇತ ಆಕಾಶದಲ್ಲಿ ಹಾರುವ, ಕಾಳು ಕಾಳಿನ ಜೊತೆ ಜಗಳಕ್ಕೆ ನಿಲ್ಲುವ ಕತೆ ಹೇಳಿದವರು ಅನ್ನೋದು ಪಟದಲ್ಲಿ ಕಾಣುವುದಿಲ್ಲ. ಈ ಸಲ ಆ ಕತೆಗಾರನ ಬದುಕನ್ನು ಹೇಳೋಣ ಅಂತ ಹೊರಟಿದ್ದೇವೆ.

ಮೊದಲು ಊರು. ಹುಬ್ಬಳ್ಳಿಯಿಂದ ಹಾವೇರಿ ಕಡೆಗೆ ಹೆದ್ದಾರಿಯಲ್ಲಿ ಬಂದರೆ ಶಿಗ್ಗಾವಿ, ಆಮೇಲೆ ಬಂಕಾಪುರ. ಆಸುಪಾಸಿನಲ್ಲೇ ಸವಣೂರು, ಹಾನಗಲ್, ದಕ್ಷಿಣಕ್ಕೆ ಹೋದರೆ ಹಿರೇಕೆರೂರು. ಈ ಸೀಮೆಯಲ್ಲಿ ಕತೆಗೆ ಬರ ಇಲ್ಲ. ಹಾನಗಲ್ಲಿನವರನ್ನು ಕೇಳಿದರೆ ಅದೇ ಮಹಾಭಾರತದ ವಿರಾಟನಗರ, ಪಾಂಡವರು ವೇಷ ಮರೆಸಿಕೊಂಡಿದ್ದು ಇಲ್ಲೇ ಅನ್ನುತ್ತಾರೆ. ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ದೈತ್ಯ ಮರಗಳಿವೆ. ಜನ ಹುಣಸೆ ಅಂತ ಕರೆದರೂ ಅವು ಆಫ್ರಿಕಾದ ಬಾವೋಬಾಬ್. ಅವುಗಳ ಬುಡ ನೋಡಿದರೆ ಯಾವುದೋ ರಾಕ್ಷಸನ ಕಾಲು ಇದ್ದಹಾಗೆ ಇದೆ. ಹಿರೇಕೆರೂರು ಕಡೆಯ ಮಾಸೂರು, ಅಬಲೂರಿನವರು ಸರ್ವಜ್ಞ ನಮ್ಮವನು ಅನ್ನುತ್ತಾರೆ. ಶಿಗ್ಗಾವಿ ತಾಲ್ಲೂಕಿನ ಶಿಶುನಾಳದಲ್ಲಿ 1819ರಲ್ಲಿ ಶರೀಫ ಸಾಹೇಬರು ಹುಟ್ಟಿದರು. ಸವಣೂರಿನಲ್ಲಿ 1909ರಲ್ಲಿ ವಿ. ಕೃ. ಗೋಕಾಕರು ಹುಟ್ಟಿದರು. ಇವರಿಗೆಲ್ಲ ಹಿರಿಯರಾಗಿ ಇದೇ ಮಣ್ಣಿನಲ್ಲಿ 16ನೇ ಶತಮಾನದಲ್ಲಿ ಬಾಳಿದವರು ನಮ್ಮ ಕತೆಗಾರರು.

ಅವರ ಹುಟ್ಟುಹೆಸರು ತಿಮ್ಮಪ್ಪ. ತಂದೆ ಬೀರೇಗೌಡ, ತಾಯಿ ಬಚ್ಚಮ್ಮ, ಕುರುಬರ ಮನೆತನ. ಬಹಳ ಕಾಲ ಮಕ್ಕಳಿಲ್ಲದೆ ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತು ಹುಟ್ಟಿದ ಮಗ, ಅದಕ್ಕೇ ಆ ಹೆಸರು ಅಂತ ಐತಿಹ್ಯ. ಬೀರೇಗೌಡರು ವಿಜಯನಗರದ ಆಳ್ವಿಕೆಯಲ್ಲಿ ಬಂಕಾಪುರ ಸೀಮೆಯ ನಾಯಕರಾಗಿದ್ದರು. ಬಂಕಾಪುರದ ಕೋಟೆಯಲ್ಲಿ ಈಗ ನವಿಲುಗಳ ರಕ್ಷಿತ ತಾಣ ಇದೆ. ಆಗ ಅದು ಸೈನ್ಯ ಇಟ್ಟುಕೊಳ್ಳುವ, ಸುಂಕ ವಸೂಲು ಮಾಡುವ, ಗಡಿ ಕಾಯುವ ಜಾಗ. ಹುಡುಗ ತಿಮ್ಮಪ್ಪ ಓದು ಬರಹದ ಜೊತೆಗೆ ಕುದುರೆ ಸವಾರಿ, ಕತ್ತಿವರಸೆ ಕಲಿತ. ತಂದೆ ತೀರಿಕೊಂಡ ಮೇಲೆ ಹರೆಯದಲ್ಲೇ ನಾಯಕತನ ಅವನ ಹೆಗಲಿಗೆ ಬಂತು. ಅವನು ತಿಮ್ಮಪ್ಪನಾಯಕನಾದ.

ಒಂದು ದಿನ ನೆಲ ಅಗೆಯುವಾಗ ಅವನಿಗೆ ಕೊಪ್ಪರಿಗೆ ಹೊನ್ನು ಸಿಕ್ಕಿತಂತೆ. ಅದನ್ನು ಮನೆಯಲ್ಲಿಟ್ಟುಕೊಳ್ಳದೆ ಊರಿನ ಕೆಲಸಕ್ಕೆ, ಕಾಗಿನೆಲೆಯಲ್ಲಿ ಆದಿಕೇಶವನ ಗುಡಿಗೆ ಖರ್ಚು ಮಾಡಿದ. ಚಿನ್ನ ಸಿಕ್ಕವನು, ಸಿಕ್ಕಿದ್ದನ್ನು ಹಂಚಿದವನು ಅಂತ ಜನ ಅವನನ್ನು ಕನಕನಾಯಕ ಅಂದರು. ನೆಲದಡಿ ನಿಧಿ ಸಿಗುವುದು, ಹೊಸ ಹೆಸರು ಬರುವುದು ಇವೆಲ್ಲ ಕತೆಗಳಲ್ಲಿ ಆಗುವ ಮಾತು. ಆದರೆ ಅವನ ಬದುಕನ್ನು ಜನ ನೆನಪಿಟ್ಟುಕೊಂಡಿರುವುದೇ ಹೀಗೆ. ಕತೆ ಹೇಳಿದವನನ್ನು ಜನ ಕತೆಯಾಗಿಯೇ ಇಟ್ಟುಕೊಂಡರು.

ಆಮೇಲೆ ಬರುವುದು ಯುದ್ಧ. ಐತಿಹ್ಯದ ಪ್ರಕಾರ ಆದಿಕೇಶವ ಕನಸಿನಲ್ಲಿ ಬಂದು ದಾಸನಾಗು ಅಂದಾಗ ಕನಕನಾಯಕ ಒಪ್ಪಲಿಲ್ಲ. ನಾಯಕನಾಗಿದ್ದವನು ಯಾಕೆ ಭಿಕ್ಷೆ ಎತ್ತಬೇಕು? ಅವನ ಹಟ ನಮಗೆ ಅರ್ಥವಾಗುತ್ತದೆ. ಕೈಯಲ್ಲಿರುವ ಒಳ್ಳೇ ಪ್ಯಾಕೇಜ್ ಬಿಟ್ಟು ಬಾ ಅಂದರೆ ನಾವು ಯಾರಾದರೂ ಮೊದಲನೇ ಸಲಕ್ಕೆ ಹೂಂ ಅಂತೀವಾ? ಮುಂದೆ ಒಂದು ಯುದ್ಧದಲ್ಲಿ ಅವನು ಮೈತುಂಬ ಗಾಯವಾಗಿ ಹೆಣಗಳ ನಡುವೆ ಬಿದ್ದ. ಆಗ ಮತ್ತೆ ಅದೇ ಕರೆ ಕೇಳಿತು. ಬದುಕಿ ಎದ್ದವನು ಕತ್ತಿಯನ್ನು ಮತ್ತೆ ಹಿಡಿಯಲಿಲ್ಲ. ಬಾಡದ ಆದಿಕೇಶವನನ್ನು ಕಾಗಿನೆಲೆಗೆ ತಂದು ನೆಲೆಗೊಳಿಸಿದ ಅನ್ನುತ್ತಾರೆ. ಇಂದು ಬ್ಯಾಡಗಿ ತಾಲ್ಲೂಕಿಗೆ ಸೇರಿದ ಆ ಕಾಗಿನೆಲೆಯ ಹೆಸರೇ ಅವನ ಕೀರ್ತನೆಗಳ ಅಂಕಿತದಲ್ಲಿ ಸೇರಿಕೊಂಡು ಮನೆಮನೆಗೆ ಹೋಯಿತು. ನಾಯಕನೆಂಬ ಪದ ಕಳಚಿ ದಾಸ ಎಂಬ ಪದ ಅಂಟಿಕೊಂಡಿತು.

ಅಲ್ಲಿಂದ ವಿಜಯನಗರ. ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ. ಅವನ ಕಾಲದ ಆ ಪಟ್ಟಣದಲ್ಲಿ ವ್ಯಾಸರಾಯರು ಮಠಾಧಿಪತಿಗಳು, ದೊಡ್ಡ ತಾರ್ಕಿಕರು. ಪುರಂದರದಾಸರಿಗೂ ಅವರೇ ಗುರುಗಳು. ಕುರುಬರ ಕನಕನನ್ನು ಅವರು ಶಿಷ್ಯನಾಗಿ ಒಪ್ಪಿಕೊಂಡರು. ಮಠದ ಉಳಿದ ಶಿಷ್ಯರು ಅಷ್ಟು ಸುಲಭವಾಗಿ ಒಪ್ಪಲಿಲ್ಲ. ಈ ತಿಕ್ಕಾಟದ ಬಗ್ಗೆ ಎಷ್ಟೋ ಕತೆಗಳಿವೆ. ಬಾಳೆಹಣ್ಣಿನ ಕತೆ ಪ್ರೈಮರಿ ಸ್ಕೂಲಿನಿಂದ ಕೇಳಿದ್ದೇವೆ: ಯಾರೂ ನೋಡದ ಜಾಗದಲ್ಲಿ ತಿಂದು ಬನ್ನಿ ಅಂತ ಗುರುಗಳು ಹೇಳಿದಾಗ ಎಲ್ಲರೂ ತಿಂದು ಬಂದರು, ದೇವರು ನೋಡದ ಜಾಗ ಸಿಗಲಿಲ್ಲ ಅಂತ ಕನಕ ಹಣ್ಣನ್ನು ಹಾಗೇ ವಾಪಸ್ ತಂದ.

ನಮ್ಮಂಥವರಿಗೆ ಇನ್ನೂ ಇಷ್ಟವಾಗುವುದು ಕೋಣನ ಕತೆ. ಮಂತ್ರ ಕೊಡಿ ಅಂತ ಕೇಳಿಕೊಂಡು ಬಂದ ಕನಕನಿಗೆ ವ್ಯಾಸರಾಯರು, ಕುರುಬನಿಗೆ ಯಾವ ಮಂತ್ರ, ಕೋಣ ಅಂತ ಜಪಿಸು ಅಂದುಬಿಟ್ಟರಂತೆ. ಕನಕ ಅದನ್ನೇ ಶ್ರದ್ಧೆಯಿಂದ ಜಪಿಸಿದ. ಯಮನ ಕೋಣವೇ ಬಂದು ಎದುರಿಗೆ ನಿಂತು ಏನು ಕೆಲಸ ಅಂತ ಕೇಳಿತು. ಆಗ ವ್ಯಾಸರಾಯರು, ಇಂದಿನ ಆಂಧ್ರದ ಮದನಪಲ್ಲಿ ಕಡೆಯಲ್ಲಿ, ವ್ಯಾಸಸಮುದ್ರ ಎಂಬ ದೊಡ್ಡ ಕೆರೆ ಕಟ್ಟಿಸುತ್ತಿದ್ದರು. ತೂಬಿನ ಜಾಗದಲ್ಲಿ ಒಂದು ಬಂಡೆ ಅಡ್ಡ ನಿಂತು ಯಾರಿಂದಲೂ ಅಲುಗಾಡಿರಲಿಲ್ಲ. ಕನಕನ ಕೋಣ ಅದನ್ನು ಸರಿಸಿಬಿಟ್ಟಿತು. ಆ ತೂಬಿಗೆ ಕನಕನ ತೂಬು ಅಂತ ಹೆಸರಾಯಿತು. ಗೇಲಿ ಮಾಡಲು ಎಸೆದ ಮಾತನ್ನೇ ಹಿಡಿದುಕೊಂಡು ಕೆರೆಗೆ ನೀರಿನ ದಾರಿ ಮಾಡಿದ ಮನುಷ್ಯ ಅಂತ ಜನ ಅವನನ್ನು ನೆನಪಿಟ್ಟುಕೊಂಡರು. ಸಿವಿಲ್ ಬ್ರಾಂಚಿನವರು ಕೆರೆ, ತೂಬು ಓದುವಾಗ ಈ ಕೋಣವನ್ನೂ ಒಂದು ಸಲ ನೆನೆಯಬಹುದು.

ಇನ್ನು ಅವರ ಕಾವ್ಯಕ್ಕೆ ಬರೋಣ.

ಮೊದಲನೆಯದು ಮೋಹನತರಂಗಿಣಿ. ಸಾಂಗತ್ಯದಲ್ಲಿದೆ, ಅಂದರೆ ಹಾಡಿಕೊಂಡು ಹೇಳುವ ನಾಲ್ಕು ಸಾಲಿನ ಸರಳ ಛಂದಸ್ಸು. 42 ಸಂಧಿ, 2,700ಕ್ಕೂ ಹೆಚ್ಚು ಪದ್ಯಗಳು. ಕೃಷ್ಣನ ಮನೆತನದ ಕತೆಗಳು ಇದರಲ್ಲಿವೆ. ಎಲ್ಲಕ್ಕಿಂತ ರಂಗಾಗಿರುವುದು ಉಷೆ ಅನಿರುದ್ಧರದ್ದು. ಬಾಣಾಸುರನ ಮಗಳು ಉಷೆ ಕನಸಿನಲ್ಲಿ ಒಬ್ಬ ಹುಡುಗನನ್ನು ನೋಡುತ್ತಾಳೆ. ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ಅವಳ ಗೆಳತಿ ಚಿತ್ರಲೇಖೆ ಅದಕ್ಕೊಂದು ಉಪಾಯ ಮಾಡುತ್ತಾಳೆ. ಮೂರು ಲೋಕದ ರಾಜಕುಮಾರರ ಚಿತ್ರಗಳನ್ನು ಒಂದೊಂದಾಗಿ ಬರೆದು ತೋರಿಸುತ್ತಾ ಹೋಗುತ್ತಾಳೆ. ಕೃಷ್ಣನ ಚಿತ್ರ ಬಂದಾಗ ಉಷೆಗೆ ಸ್ವಲ್ಪ ಹೋಲಿಕೆ ಕಂಡಂತಾಗುತ್ತದೆ, ಅವನ ಮೊಮ್ಮಗ ಅನಿರುದ್ಧನ ಚಿತ್ರ ಬಂದಾಗ ನಾಚಿ ತಲೆ ತಗ್ಗಿಸುತ್ತಾಳೆ. ನಾವು ಇವತ್ತು ಡೇಟಾಬೇಸಿನಲ್ಲಿ ಮುಖ ಹುಡುಕುವುದನ್ನು ಅವಳು ಕುಂಚದಿಂದ ಮಾಡಿ ಮುಗಿಸಿದ್ದಾಳೆ. ಆಮೇಲೆ ದ್ವಾರಕೆಗೆ ಹಾರಿ ಹೋಗಿ, ಮಲಗಿದ್ದ ಹುಡುಗನನ್ನು ಮಂಚದ ಸಮೇತ ಎತ್ತಿಕೊಂಡು ಬರುತ್ತಾಳೆ. ಸಾವಿರ ತೋಳಿನ ಬಾಣಾಸುರನಿಗೆ ವಿಷಯ ಗೊತ್ತಾಗಿ, ಅನಿರುದ್ಧ ಸೆರೆಯಾಗಿ, ಕೃಷ್ಣನೂ ಶಿವನೂ ಎದುರುಬದುರಾಗುವ ಮಟ್ಟಕ್ಕೆ ಕಾಳಗ ಬೆಳೆದು, ಕೊನೆಗೆ ಮದುವೆ.

ಭಾಗವತದ ಕತೆ ಇದು, ಕನಕದಾಸರು ಹುಟ್ಟಿಸಿದ್ದಲ್ಲ. ಆದರೆ ಅವರ ದ್ವಾರಕೆಯೊಳಗೆ ಕಾಲಿಟ್ಟರೆ ಅಂಗಡಿ ಬೀದಿಗಳು, ರಾಜಸಭೆ, ಜನಜಂಗುಳಿ, ಹಬ್ಬದ ಗಲಾಟೆ ಎಲ್ಲ ಕಣ್ಣಾರೆ ಕಂಡವರ ಬರವಣಿಗೆ ಇದು ಅನ್ನಿಸುತ್ತದೆ. ಕೃಷ್ಣನ ದ್ವಾರಕೆಯ ಹೆಸರಿನಲ್ಲಿ ಅವರು ಚಿತ್ರಿಸಿದ್ದು ಕೃಷ್ಣದೇವರಾಯನ ವಿಜಯನಗರವನ್ನೇ ಅಂತ ವಿದ್ವಾಂಸರು ಹೇಳುತ್ತಾರೆ. ಆ ನಗರ 1565ರ ಯುದ್ಧದ ನಂತರ ಹಾಳಾಯಿತು. ಕಲ್ಲಿನ ಹಂಪಿಯನ್ನು ನಾವು ಟ್ರಿಪ್ ಹೋಗಿ ನೋಡುತ್ತೇವೆ. ಜನ ತುಂಬಿದ ಹಂಪಿ ಬೇಕಾದರೆ ಈ ಕಾವ್ಯಕ್ಕೆ ಬರಬೇಕು. ಫ್ಯಾಂಟಸಿ ಬರೆಯುವವರು ಲೋಕ ಕಟ್ಟುವುದು ಅನ್ನುತ್ತಾರಲ್ಲ, ಅದನ್ನು ಅವರು ಕಟ್ಟಿದ್ದು ಹೀಗೆ, ಎದುರಿಗಿದ್ದ ಬೀದಿಯನ್ನು ಎತ್ತಿ ಪುರಾಣದೊಳಗೆ ಇಟ್ಟು.

ಎರಡನೆಯದು ನಳಚರಿತ್ರೆ. 9 ಸಂಧಿ, 481 ಪದ್ಯಗಳು, ಭಾಮಿನಿ ಷಟ್ಪದಿ. ಗದುಗಿನ ಕುಮಾರವ್ಯಾಸ ಇಡೀ ಭಾರತಕ್ಕೆ ಬಳಸಿದ ಛಂದಸ್ಸು ಅದು. ಮೂರು ನಾಲ್ಕು, ಮೂರು ನಾಲ್ಕು ಅಂತ ಮಾತ್ರೆ ಎಣಿಸಿ ಓದಿದರೆ ಬೀಟ್ ತಾನಾಗೇ ಬರುತ್ತದೆ; ಪದ್ಯವೊಂದಕ್ಕೆ 102 ಮಾತ್ರೆ. ಕತೆ ಗೊತ್ತಿರುವುದೇ: ಹಂಸ ಒಂದು ನಳನ ಬಗ್ಗೆ ದಮಯಂತಿಗೂ ದಮಯಂತಿಯ ಬಗ್ಗೆ ನಳನಿಗೂ ಹೇಳಿ ಪ್ರೀತಿ ಹುಟ್ಟಿಸುತ್ತದೆ. ಸ್ವಯಂವರಕ್ಕೆ ದೇವತೆಗಳೂ ನಳನ ವೇಷದಲ್ಲೇ ಬಂದು ಕೂರುತ್ತಾರೆ. ಬೆವರು ಯಾರಿಗೆ ಇದೆ, ರೆಪ್ಪೆ ಯಾರು ಬಡಿಯುತ್ತಾರೆ, ಕಾಲು ಯಾರದ್ದು ನೆಲಕ್ಕೆ ತಾಗಿದೆ ಅಂತ ನೋಡಿ ಹುಡುಗಿ ನಿಜವಾದ ಮನುಷ್ಯನನ್ನು ಆರಿಸುತ್ತಾಳೆ. ಇಷ್ಟು ಆರಿಸಿಕೊಂಡ ಬದುಕಿಗೆ ಕಲಿ ಕಣ್ಣು ಹಾಕುತ್ತಾನೆ. ನಳ ಜೂಜಿನಲ್ಲಿ ರಾಜ್ಯ ಕಳೆದುಕೊಳ್ಳುತ್ತಾನೆ, ಕಾಡಿನಲ್ಲಿ ಹೆಂಡತಿಯ ಸೀರೆಯಲ್ಲಿ ಅರ್ಧ ಹರಿದುಕೊಂಡು ಅವಳು ಮಲಗಿದ್ದಾಗಲೇ ಎದ್ದು ಹೋಗುತ್ತಾನೆ, ಕಾರ್ಕೋಟಕ ಹಾವು ಕಚ್ಚಿ ರೂಪವೇ ಬದಲಾಗುತ್ತದೆ. ಕುರೂಪಿ ಬಾಹುಕನಾಗಿ ಅಯೋಧ್ಯೆಯ ಋತುಪರ್ಣನ ಹತ್ತಿರ ಅಡುಗೆ ಮಾಡುತ್ತಾ, ಕುದುರೆ ಓಡಿಸುತ್ತಾ ಇರುತ್ತಾನೆ.

ಇಲ್ಲಿ ಎಂಜಿನಿಯರಿಂಗ್ ಓದುವವರು ಗಮನಿಸಬೇಕಾದ ಒಂದು ಜಾಗ ಇದೆ. ಮಹಾಭಾರತದ ವನಪರ್ವದಲ್ಲಿ ಬರುವ ಮೂಲ ಕತೆಯಲ್ಲಿ, ರಥದಲ್ಲಿ ಹೋಗುತ್ತಾ ಋತುಪರ್ಣ ಒಂದು ತಾರೆಮರದ ಎಲೆ, ಕಾಯಿ ಎಷ್ಟಿವೆ ಅಂತ ದೂರದಿಂದಲೇ ಹೇಳುತ್ತಾನೆ. ನಳ ರಥ ನಿಲ್ಲಿಸಿ, ಮರ ಕಡಿದು, ಎಣಿಸಿ ನೋಡಿದರೆ ಲೆಕ್ಕ ಸರಿ! ಸಂಭವನೀಯತೆಯ ಇತಿಹಾಸ ಬರೆದ ಇಯಾನ್ ಹ್ಯಾಕಿಂಗ್ ಈ ಪ್ರಸಂಗವನ್ನು ಎತ್ತಿ ಆಡಿದ್ದಾರೆ, ಒಂದು ಕೊಂಬೆ ನೋಡಿ ಇಡೀ ಮರವನ್ನು ಅಂದಾಜು ಮಾಡುವ ವಿದ್ಯೆಗೂ ದಾಳದ ವಿದ್ಯೆಗೂ ನಂಟು ಇದೆ ಅಂತ ಹಳಬರಿಗೆ ಗೊತ್ತಿತ್ತಲ್ಲ ಎಂದು. ಆ ವಿದ್ಯೆ ಕೊಟ್ಟು ಋತುಪರ್ಣ ಕುದುರೆಯ ವಿದ್ಯೆ ತೆಗೆದುಕೊಳ್ಳುತ್ತಾನೆ. ನಳ ಅದೇ ದಾಳದಿಂದ ರಾಜ್ಯ ವಾಪಸ್ ಗೆಲ್ಲುತ್ತಾನೆ.

ಕನಕದಾಸರು ಇಷ್ಟೊಂದು ಕತೆಗಳಿರುವಾಗ ನಳನನ್ನೇ ಯಾಕೆ ಹಿಡಿದರು? ಅವರ ಬದುಕನ್ನು ಪಕ್ಕದಲ್ಲಿಟ್ಟು ಓದಿದರೆ ನಮಗೆ ಒಂದು ಉತ್ತರ ತೋಚುತ್ತದೆ. ಒಂದು ಸೀಮೆಗೆ ನಾಯಕನಾಗಿದ್ದವನು, ಕುದುರೆ ಏರಿದವನು, ಎಲ್ಲ ಬಿಟ್ಟು ಬೇರೆಯವರ ಬಾಗಿಲಲ್ಲಿ ನಿಂತ. ಮೈಮೇಲಿನ ವೇಷ ಬದಲಾದ ಕೂಡಲೇ ಜನ ನೋಡುವ ನೋಟ ಬದಲಾಗುವುದನ್ನು ಕಂಡ. ಬಾಹುಕನ ಕತೆಯಲ್ಲಿ ಕೇಳುವುದೂ ಅದನ್ನೇ: ರೂಪ, ಪದವಿ, ಹೆಸರು ಎಲ್ಲ ಹೋದ ಮೇಲೆ ಒಬ್ಬನನ್ನು ಗುರುತಿಸುವುದು ಯಾವುದರಿಂದ? ದಮಯಂತಿ ಗುರುತಿಸಿದ್ದು ಕೆಲಸದಿಂದ. ಅಡುಗೆಯ ರುಚಿ ನೋಡಿ, ಕುದುರೆ ಓಡಿದ ವೇಗ ನೋಡಿ ಇವನು ನಳನೇ ಅಂದಳು. ಮುಖ ಸುಳ್ಳು ಹೇಳಿತು, ಕೈಕೆಲಸ ಹೇಳಲಿಲ್ಲ.

ಮೂರನೆಯದು ರಾಮಧಾನ್ಯಚರಿತೆ. ಇದೂ ಭಾಮಿನಿ ಷಟ್ಪದಿ, 150ಕ್ಕೂ ಸ್ವಲ್ಪ ಹೆಚ್ಚು ಪದ್ಯ. ಎರಡು ಬಸ್ ಪ್ರಯಾಣದಲ್ಲಿ ಓದಿ ಮುಗಿಸಬಹುದು. ಇದರಲ್ಲಿ ಹರೆಯದವರೂ ಇಲ್ಲ, ಪ್ರೀತಿಯೂ ಇಲ್ಲ. ನಾಯಕರು ಎರಡು ಕಾಳು.

ಲಂಕೆ ಗೆದ್ದು ಮರಳುವ ರಾಮ ದಾರಿಯಲ್ಲಿ ಮುನಿಗಳ ಆಶ್ರಮದಲ್ಲಿ ಇಳಿದುಕೊಳ್ಳುತ್ತಾನೆ. ಬಗೆಬಗೆಯ ಧಾನ್ಯದ ಅಡುಗೆ ಬಡಿಸುತ್ತಾರೆ. ಇವುಗಳಲ್ಲಿ ಯಾವುದು ಶ್ರೇಷ್ಠ ಅಂತ ರಾಮ ಕೇಳಿದ್ದೇ ತಪ್ಪಾಯಿತು. ಒಬ್ಬೊಬ್ಬರದು ಒಂದೊಂದು ಉತ್ತರ. ಗೌತಮ ಮುನಿ ಮಾತ್ರ ನರೆದಲೆಗ, ಅಂದರೆ ರಾಗಿ, ಶ್ರೇಷ್ಠ ಅನ್ನುತ್ತಾನೆ. ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತದೆ. ವ್ರೀಹಿ ಅನ್ನೋ ಸಂಸ್ಕೃತ ಹೆಸರು ಹೊತ್ತ ಭತ್ತ ಸಭೆಯಲ್ಲಿ ಎದ್ದು ನಿಂತು ತನ್ನ ಕುಲದ ಪಟ್ಟಿ ಓದುತ್ತದೆ: ಮದುವೆಗೆ ನಾನು, ಮಂತ್ರಾಕ್ಷತೆಗೆ ನಾನು, ದೇವರ ನೈವೇದ್ಯಕ್ಕೆ ನಾನು, ನೀನೋ ಕೀಳು ಜನರ ಊಟ, ನನ್ನ ಸಮಕ್ಕೆ ನಿಲ್ಲುವಷ್ಟು ಧೈರ್ಯವಾ. ರಾಗಿ ಸುಮ್ಮನಿರುವುದಿಲ್ಲ. ಸಿರಿವಂತರ ಮುಖ ನೋಡಿ ಬಡವರನ್ನು ಕಂಡರೆ ಮುಖ ತಿರುಗಿಸುವವನು ನೀನು, ಮಳೆ ಹೋದ ವರ್ಷ ಊರು ಉಳಿಸುವವನು ನಾನು, ಹೆಣದ ಬಾಯಿಗೆ ಇಡುವುದೂ ನಿನ್ನನ್ನೇ ಅಲ್ಲವೇ ಅಂತ ಮುಖಕ್ಕೆ ಹೊಡೆದಂತೆ ಹೇಳುತ್ತದೆ.

ರಾಮ ಇಬ್ಬರಲ್ಲಿ ಯಾರ ಮಾತಿಗೂ ತಲೆದೂಗುವುದಿಲ್ಲ. ಅಲ್ಲೇ ತೀರ್ಪೂ ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿ ಅಂತ ಹೇಳಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಆರು ತಿಂಗಳ ನಂತರ ಸಭೆ ಸೇರಿಸಿ ತರಿಸಿದರೆ ಭತ್ತ ಕಳೆಗುಂದಿದೆ, ರಾಗಿ ಇಟ್ಟ ಹಾಗೇ ಗಟ್ಟಿಯಾಗಿದೆ. ರಾಮ ರಾಗಿಗೆ ತನ್ನ ಹೆಸರನ್ನೇ ಕೊಡುತ್ತಾನೆ. ರಾಘವನ ಹೆಸರು ಪಡೆದದ್ದಕ್ಕೆ ರಾಗಿ ಅಂತ ಕಾವ್ಯ ಹೇಳುತ್ತದೆ. ಭಾಷಾಶಾಸ್ತ್ರದವರು ಇದನ್ನು ಒಪ್ಪಬೇಕಾಗಿಲ್ಲ, ಕತೆಗೆ ಅದರದ್ದೇ ವ್ಯಾಕರಣ ಇರುತ್ತದೆ.

ಆದರೆ ಪರೀಕ್ಷೆಯ ಫಲಿತಾಂಶ ಮಾತ್ರ ಕಟ್ಟುಕತೆ ಅಲ್ಲ. ರಾಗಿ ಸಣ್ಣ ಕಾಳು, ಒತ್ತಾಗಿ ಕೂರುತ್ತದೆ, ಹುಳ ಹಿಡಿಯುವುದು ತೀರಾ ಕಡಿಮೆ. ಒಣಗಿಸಿ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡದೆ ಇರುತ್ತದೆ. 100 ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸಿನ ಕ್ಯಾಲ್ಸಿಯಂ ಇದ್ದರೆ ಬಿಳಿ ಅಕ್ಕಿಯಲ್ಲಿ 10ರ ಆಸುಪಾಸು. ಬರಗಾಲದಲ್ಲಿ ಊರಿನ ಉಗ್ರಾಣ ಯಾವುದರ ಮೇಲೆ ನಿಲ್ಲುತ್ತದೆ ಅಂತ ಬಂಕಾಪುರ ಸೀಮೆಯ ನಾಯಕನಾಗಿದ್ದವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರ ಊರಿನ ಸುತ್ತಲೇ ಎರಡೂ ಲೋಕ ಇತ್ತು. ಮಲೆನಾಡಿನ ಅಂಚಿನ ಹಾನಗಲ್ ಕಡೆ ಕೆರೆ, ಗದ್ದೆ, ಭತ್ತ. ಸವಣೂರಿನ ಕಡೆ ಕಪ್ಪು ಬಯಲು, ಮಳೆ ನಂಬಿದ ಹೊಲ, ರೊಟ್ಟಿ. ಅಲ್ಲಿ ರಾಗಿಗಿಂತ ಜೋಳವೇ ಹೆಚ್ಚು ಅನ್ನೋದು ನಿಜ, ಆದರೆ ಗದ್ದೆಯ ಅನ್ನಕ್ಕೂ ಹೊಲದ ಕಾಳಿಗೂ ಇರುವ ಅಂತರ ಒಂದೇ. ಯಾರ ಮನೆಯಲ್ಲಿ ಏನು ಬೇಯುತ್ತದೆ ಅನ್ನುವುದರಿಂದ ಯಾರು ಯಾರೆಂದು ಗುರುತಿಸುತ್ತಿದ್ದ ಕಾಲ ಅದು. ಅಂಥಲ್ಲಿ ಅವರು ಜಾತಿಯ ಜಗಳವನ್ನು ಮನುಷ್ಯರ ಬಾಯಲ್ಲಿ ಇಡದೆ ಕಾಳುಗಳ ಬಾಯಲ್ಲಿ ಇಟ್ಟರು. ಕೇಳುವವರು ನಗುತ್ತಾ ಕೇಳಿದರು; ನಕ್ಕು ಮುಗಿಯುವ ಹೊತ್ತಿಗೆ ತೀರ್ಪು ಬಂದಿತ್ತು.

ಇದೇ ಹೊತ್ತಿಗೆ ಅವರ ಸ್ವಂತ ಬದುಕಿನಲ್ಲಿ ಉಡುಪಿಯ ಪ್ರಸಂಗ ನಡೆಯಿತು ಅಂತ ನಾವು ಜೋಡಿಸಿ ಹೇಳುವುದಿಲ್ಲ. ಜನ ಹೇಳುವುದು ಇಷ್ಟು: ಕನಕನನ್ನು ಗುಡಿಯೊಳಗೆ ಬಿಡಲಿಲ್ಲ, ಅವನು ಹಿಂಬದಿಯಲ್ಲಿ ನಿಂತು ಹಾಡಿದ, ಗೋಡೆ ಬಿರುಕು ಬಿಟ್ಟಿತು, ಕೃಷ್ಣ ಅವನ ಕಡೆಗೆ ತಿರುಗಿದ. ಇಂದಿಗೂ ಉಡುಪಿಯ ಕೃಷ್ಣನ ಮುಖ ಪಶ್ಚಿಮಕ್ಕೇ ಇದೆ, ಕನಕನ ಕಿಂಡಿಯೂ ಇದೆ. ಈ ಕತೆಯ ಬಗ್ಗೆ ವಾದ ಮಾಡುವವರು ಮಾಡಲಿ. ನಮಗೆ ಕಾಣುವುದು ಬೇರೆ. ಕನಕ ಗೋಡೆ ಹತ್ತಿದ ಅಂತಾಗಲಿ, ಬಾಗಿಲು ಕಾಯುವವರು ಕರಗಿ ಒಳಗೆ ಬಿಟ್ಟರು ಅಂತಾಗಲಿ ಜನ ಕತೆ ಕಟ್ಟಲಿಲ್ಲ. ಅವನು ನಿಂತ ಜಾಗ ಬದಲಾಗಲಿಲ್ಲ, ದೇವರೇ ತಿರುಗಿದ ಅಂತ ಕಟ್ಟಿದರು. ಭತ್ತ ರಾಗಿಯ ಕತೆ ಹೇಳಿದವನಿಗೆ ಅವನ ಜನ ತಿರುಗಿ ಕೊಟ್ಟ ಉಡುಗೊರೆ ಅದು.

ವಯಸ್ಸಾದ ಹಾಗೆ ಅವರ ದನಿ ಒಳಮುಖವಾಯಿತು. ನೂರು ದಾಟಿದ ಪದ್ಯಗಳ ಹರಿಭಕ್ತಿಸಾರದಲ್ಲಿ ಕತೆ ಇಲ್ಲ, ನನ್ನನ್ನು ಕಾಪಾಡು ಅನ್ನುವ ಒಂದೇ ಮೊರೆ ಇದೆ. ಕನ್ನಡ ಶಾಲೆಗಳಲ್ಲಿ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತಿದ್ದ ಪುಸ್ತಕ ಅದು. ಊರೂರು ತಿರುಗುತ್ತಾ ಹಾಡಿದ ಕೀರ್ತನೆಗಳಲ್ಲಿ ನೂರಾರು ಉಳಿದಿವೆ. ಅವುಗಳಲ್ಲಿ ಮುಂಡಿಗೆಗಳು ಅನ್ನೋ ಒಗಟಿನ ಹಾಡುಗಳನ್ನು ಬಿಡಿಸುವುದು ಪ್ಲೇಸ್‌ಮೆಂಟಿನ ಪಜಲ್‌ಗಳಿಗಿಂತ ಕಷ್ಟ. ಕುಲದ ಹೆಸರಿನಲ್ಲಿ ಹೊಡೆದಾಡುವವರನ್ನು ನೇರವಾಗಿ ಕೇಳಿದ ಹಾಡೂ ಅವರದ್ದೇ. ಕಂಬಳಿ ಹೊದ್ದ ಕುರಿಗಾಹಿಗಳ ಬಾಯಿಂದ ಹಿಡಿದು ಸಂಗೀತ ಕಛೇರಿಯವರೆಗೆ ಅವು ಹೋದವು. ದೀರ್ಘಾಯುಷಿಯಾಗಿ ಬಾಳಿ, ಕಾಗಿನೆಲೆಯ ಕೇಶವನ ಹೆಸರು ಹೇಳುತ್ತಲೇ ಅವರು ತೀರಿಕೊಂಡರು ಅಂತ ಆ ಸೀಮೆಯವರು ಹೇಳುತ್ತಾರೆ. 1960ರಲ್ಲಿ ರಾಜ್‌ಕುಮಾರ್ ಅವರು ತೆರೆಯ ಮೇಲೆ ಕನಕದಾಸರಾದರು. ನಮ್ಮ ಅಜ್ಜ ಅಜ್ಜಿಯರಿಗೆ ಕನಕ ಅಂದರೆ ಆ ಮುಖವೇ. ಬಾಡದಲ್ಲಿ ಈಗ ಅವರ ನೆನಪಿಗೆ ಅರಮನೆಯೊಂದನ್ನು ಕಟ್ಟಿದ್ದಾರೆ, ಕಾಗಿನೆಲೆಯ ಕೆರೆಯ ಬಳಿ ಸ್ಮಾರಕ ಇದೆ. ಹಾವೇರಿ ಕಡೆಯ ಗೆಳೆಯರು ಯಾರಾದರೂ ರಜೆಗೆ ಊರಿಗೆ ಹೋಗುವಾಗ ಜೊತೆಗೆ ಹೋಗಿ ಬನ್ನಿ, ಒಂದೇ ದಿನದಲ್ಲಿ ಎರಡೂ ನೋಡಬಹುದು.

ಕೊನೆಗೆ ನಮ್ಮ ಕ್ಯಾಂಪಸ್ಸಿನ ಮಾತು. ಮೊದಲ ಸೆಮಿಸ್ಟರಿನ ಮೊದಲ ವಾರ ನಾವು ಒಬ್ಬರನ್ನೊಬ್ಬರು ಏನು ಕೇಳಿದೆವು ಅಂತ ನೆನಪು ಮಾಡಿಕೊಳ್ಳಿ. ಯಾವ ಊರು, ಕನ್ನಡ ಮೀಡಿಯಮ್ಮಾ, ಸಿಇಟಿ ರ‍್ಯಾಂಕ್ ಎಷ್ಟು, ಯಾವ ಕೆಟಗರಿ? ನಗುತ್ತಲೇ ಕೇಳಿದ್ದು. ಆದರೆ ಆ ಪ್ರಶ್ನೆಗಳ ಹಿಂದೆ ವ್ರೀಹಿ ನಿಂತುಕೊಂಡು ತನ್ನ ಪಟ್ಟಿ ಓದುತ್ತಿತ್ತು. ನಮ್ಮಲ್ಲಿ ಕೆಲವರು ಪಟ್ಟಿ ಓದಿದೆವು, ಕೆಲವರು ತಲೆ ತಗ್ಗಿಸಿ ಕೇಳಿದೆವು.

ರಾಮನ ಪರೀಕ್ಷೆಯಲ್ಲಿ ನಮಗೆ ಮುಖ್ಯವಾಗಿ ಕಾಣುವುದು ರಾಗಿ ಗೆದ್ದಿದ್ದಲ್ಲ. ಎರಡಕ್ಕೂ ಒಂದೇ ಸೆರೆಮನೆ, ಒಂದೇ ಆರು ತಿಂಗಳು. ಲ್ಯಾಬಿನಲ್ಲಿ ನಾವು ಕಲಿಯುವ ಮೊದಲ ಪಾಠವೂ ಅದೇ: ಹೋಲಿಸಬೇಕಾದರೆ ಎರಡು ಸ್ಯಾಂಪಲ್ಲನ್ನೂ ಒಂದೇ ಸ್ಥಿತಿಯಲ್ಲಿಡಬೇಕು. ಒಂದನ್ನು ಉಗ್ರಾಣದಲ್ಲಿ ಬೆಚ್ಚಗಿಟ್ಟು, ಇನ್ನೊಂದನ್ನು ತಲೆಮಾರುಗಟ್ಟಲೆ ಮಳೆಯಲ್ಲಿ ನೆನೆಸಿ, ಆಮೇಲೆ ಯಾವುದು ಗಟ್ಟಿ ಅಂತ ಕೇಳಿದರೆ ಆ ರೀಡಿಂಗನ್ನು ಯಾವ ಲೆಕ್ಚರರೂ ಒಪ್ಪುವುದಿಲ್ಲ. ರ‍್ಯಾಂಕ್ ಪಟ್ಟಿ ನೋಡಿ ಒಬ್ಬರ ಯೋಗ್ಯತೆ ಹೇಳುವ ಮೊದಲು ಆ ಇಬ್ಬರೂ ಕಳೆದದ್ದು ಒಂದೇ ಆರು ತಿಂಗಳಾ ಅಂತ ಕೇಳುವುದನ್ನು ನಾವು ಕಲಿಯಬೇಕಾಗಿದೆ. ಬಾಡದ ತಿಮ್ಮಪ್ಪ 500 ವರ್ಷ ಹಿಂದೆಯೇ ಇದನ್ನು ಕತೆ ಮಾಡಿ ಹೇಳಿಬಿಟ್ಟಿದ್ದಾರೆ.

ಮುಂದಿನ ಜಯಂತಿಯ ರಜೆಗೆ ಹಾರ ಹಾಕುವುದು ಹೇಗೂ ಇದ್ದೇ ಇದೆ. ಅದರ ಜೊತೆಗೆ ರಾಮಧಾನ್ಯಚರಿತೆಯನ್ನು ಲೈಬ್ರರಿಯ ಕನ್ನಡ ಕಪಾಟಿನಿಂದ ತಂದು, ಗದ್ಯಾನುವಾದ ಇರುವ ಪ್ರತಿ ಸಿಕ್ಕರೆ ಇನ್ನೂ ಒಳ್ಳೆಯದು, ರೂಮಿನಲ್ಲಿ ನಾಲ್ಕು ಜನ ಸೇರಿ ಗಟ್ಟಿಯಾಗಿ ಓದಿ. ಒಬ್ಬರು ಭತ್ತ ಆಗಿ, ಒಬ್ಬರು ರಾಗಿ. ಜಗಳ ಚೆನ್ನಾಗಿ ಆಗುತ್ತದೆ. ಅದು ಮುಗಿದ ಮೇಲೆ ಮೆಸ್ಸಿನಲ್ಲಿ ಅನ್ನವೇ ಇದ್ದರೂ ಮುದ್ದೆಯೇ ಇದ್ದರೂ ಒಂದೇ ಟೇಬಲ್ಲಿಗೆ ಕೂತು ಊಟ ಮಾಡೋಣ.